ಬೀಡಿ ಕಟ್ಟುವ ಕೈಯಿಂದ ಬಂದ ‘ಅಂದ್’

ತುಳುವಿನಲ್ಲಿ ಹೌದು ಅನ್ನಲು ‘ಅಂದ್’, ಅಲ್ಲ ಅನ್ನಲು ‘ಅತ್ತ್’. ತಲೆಗೆ ಪೆಟ್ಟು ಬಿದ್ದು ಮಾತಿಲ್ಲದೆ ಮಲಗಿದ್ದ ಒಬ್ಬ ಅಕ್ಕನ ಮೆದುಳಿನ ಅಲೆಗಳಿಂದ ಈ ಎರಡು ಮಾತು ಕೇಳಲಿಕ್ಕೆ ನಾನು ಹದಿನಾಲ್ಕು ತಿಂಗಳು ಮಂಗಳೂರಿನ ಪಕ್ಕದ ತೊಕ್ಕೊಟ್ಟಿನ ಹತ್ತಿರದ ಒಂದು ಮನೆಗೆ ಓಡಾಡಿದೆ. ಕೊನೆಗೂ ಕೇಳಿತು. ಆಗಲ್ಲ ಅಂದವರು ತುಂಬ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ಇಇಜಿ ಟೆಕ್ನಿಷಿಯನ್, ಅಂದರೆ ತಲೆಗೆ ತಂತಿ ಹಚ್ಚಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವವನು. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆಯಿತು. ಈ ಅಕ್ಕನಿಗೆ ಆಗ 52 ವರ್ಷ. ಮಗನ ಬೈಕಿನ ಹಿಂದೆ ಕೂತು ಹೋಗುವಾಗ ಹೆದ್ದಾರಿ 66ರಲ್ಲಿ ಬಿದ್ದದ್ದು. ತಲೆಯ ಬಲಗಡೆಯ ಮೂಳೆ ತೆಗೆದು ಆಪರೇಷನ್ ಆಗಿತ್ತು. ಕಣ್ಣು ತೆರೆಯುತ್ತಿದ್ದರು, ಮುಚ್ಚುತ್ತಿದ್ದರು, ಅಷ್ಟೇ. ಸಿಆರ್‌ಎಸ್-ಆರ್ ಅನ್ನುವ, ಎಚ್ಚರ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ ಮಾಡಿದಾಗ 23ಕ್ಕೆ 6 ಅಥವಾ 7 ಬಂದ ನೆನಪು. ಮಗಳು ಮಾತ್ರ ಬಿಡಲಿಲ್ಲ. “ನಾನು ಹೇಳಿದ್ದು ಅಮ್ಮನಿಗೆ ಗೊತ್ತಾಗ್ತದೆ ಅಣ್ಣ, ನೀವೊಮ್ಮೆ ನೋಡಿ” ಅಂದಳು. ಡಾಕ್ಟರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು “ಆ ಹುಡುಗಿಗೆ ಸುಮ್ನೆ ಆಸೆ ಹುಟ್ಟಿಸ್ಬೇಡಿ ಮಾರಾಯ್ರೇ” ಅಂದರು. ಆದರೂ ಬರಹದಲ್ಲಿ ಒಪ್ಪಿಗೆ ಕೊಟ್ಟರು. ಮಗಳ ಒಪ್ಪಿಗೆಯನ್ನೂ ಬರೆಸಿಕೊಂಡೆ. ಇವೆರಡು ಇಲ್ಲದೆ ಯಾರ ತಲೆಗೂ ತಂತಿ ಹಚ್ಚಬೇಡಿ.

ಇದಕ್ಕೊಂದು ಹಿನ್ನೆಲೆ ಇದೆ. 2006ರಲ್ಲಿ ಮೆದುಳು ವಿಜ್ಞಾನಿ ಏಡ್ರಿಯನ್ ಓವೆನ್ ಅವರ ತಂಡ ಸ್ಕ್ಯಾನರಿನಲ್ಲಿ ಮಲಗಿದ್ದ, ಹೊರಗೆ ಏನೂ ಸ್ಪಂದಿಸದ ಹೆಂಗಸಿಗೆ ಟೆನಿಸ್ ಆಡಿದ ಹಾಗೆ ಅಂದುಕೊಳ್ಳಿ ಅಂತ ಹೇಳಿತು, ಮೆದುಳು ಸ್ಪಂದಿಸಿತು. 2010ರಲ್ಲಿ 54 ರೋಗಿಗಳಲ್ಲಿ 5 ಮಂದಿಗೆ ಅದು ಸಾಧ್ಯವಾಯಿತು. 2024ರಲ್ಲಿ, ಹಾಸಿಗೆಯಲ್ಲಿ ಏನು ಹೇಳಿದರೂ ಅಲುಗದ 241 ಮಂದಿಯನ್ನು ನೋಡಿದಾಗ 60 ಮಂದಿ ಒಳಗಿಂದ ಮಾತು ಪಾಲಿಸುತ್ತಿದ್ದರು. ಕಾಲು ಭಾಗ! ನನ್ನ ಕೈಗೆ ಅಂಥ ಸ್ಕ್ಯಾನರು, ಅಂದರೆ ಎಫ್‌ಎಂಆರ್‌ಐ ಎಲ್ಲಿಂದ ಬರಬೇಕು? ಇಇಜಿಯೇ ಗತಿ.

ಮೊದಲ ತಪ್ಪು ದುಡ್ಡಿನದ್ದು. ಜೆಲ್ ಬೇಡ, ಐದು ನಿಮಿಷದಲ್ಲಿ ಕೆಲಸ ಅಂತ ನಂಬಿ ಒಣ ಎಲೆಕ್ಟ್ರೋಡಿನ ಹೆಡ್‌ಸೆಟ್ ತಂದೆ. 28 ಸಾವಿರ ನೀರಿಗೆ ಹೋಯಿತು. ಮಲಗಿದವರ ತಲೆಯ ಹಿಂಭಾಗ ದಿಂಬಿಗೆ ಒತ್ತಿರುತ್ತದೆ, ನಮ್ಮೂರಿನ ಏಪ್ರಿಲ್ ಬೆವರು ಬೇರೆ. ಆಮೇಲೆ ಹೆಂಡತಿಯ ಬಳೆಗಳನ್ನು ಸೊಸೈಟಿಯಲ್ಲಿಟ್ಟು 80 ಸಾವಿರ ತೆಗೆದು, ಕೈಯಿಂದ ಇನ್ನಷ್ಟು ಸೇರಿಸಿ ಓಪನ್‌ಬಿಸಿಐನ 8 ಚಾನೆಲ್ ಇಇಜಿ ಬೋರ್ಡ್ ತರಿಸಿದೆ. ಕಸ್ಟಮ್ಸ್, ಕ್ಯಾಪ್, ಪೇಸ್ಟ್ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಬಳೆಗಳು ಕಳೆದ ದೀಪಾವಳಿಗೆ ಮನೆಗೆ ಬಂದವು.

ಬೋರ್ಡ್ ಬಂದರೂ ಸಿಗ್ನಲ್ ಬರಲಿಲ್ಲ. ಪರದೆ ತುಂಬ ಮನೆಯ ಕರೆಂಟಿನ 50 ಹರ್ಟ್ಸಿನ ಗಲಾಟೆ. ಫ್ಯಾನ್ ನಿಲ್ಲಿಸಿದೆ, ಟ್ಯೂಬ್‌ಲೈಟ್ ಆರಿಸಿದೆ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದೆ. ಮೂರು ವಾರ ಹೋದ ಮೇಲೆ ಗೊತ್ತಾಯಿತು, ಕಾರಣ ಬೆನ್ನು ಹುಣ್ಣಾಗದಿರಲೆಂದು ಹಾಕಿದ ಗಾಳಿ ಹಾಸಿಗೆಯ ಪಂಪು. ಅದರ ಪ್ಲಗ್ ಕಿತ್ತು, 25 ನಿಮಿಷದೊಳಗೆ ಮುಗಿಸಿ ಮತ್ತೆ ಹಾಕುವುದು ರೂಢಿಯಾಯಿತು. ಹೇಗೂ ಅಷ್ಟರಲ್ಲಿ ಅವರು ಸುಸ್ತಾಗುತ್ತಿದ್ದರು.

ಗಮನ ಸೆಳೆಯುವಂಥದ್ದು ಕಂಡಾಗ, ಕೇಳಿದಾಗ ಮೆದುಳಿನಲ್ಲಿ ಏಳುವ ಅಲೆಗೆ ಪಿ300 ಅನ್ನುತ್ತಾರೆ. ಅಕ್ಷರ ಮಿನುಗಿಸಿ ಅದನ್ನು ಹಿಡಿಯುವ ಪರದೆ ಇಂಥವರಿಗೆ ಬೇಡವೇ ಬೇಡ, ನೋಟ ಒಂದು ಕಡೆ ನಿಲ್ಲುವುದಿಲ್ಲ. ಶಬ್ದದ ಪಿ300 ನೋಡಿದೆ. ಹೆಸರು ಕರೆದಾಗ ಅಲೆ ಏಳುತ್ತಿತ್ತು, ನಾನು ಕರೆದರೆ ಸಣ್ಣದು, ಮಗಳು ಕರೆದರೆ ದೊಡ್ಡದು. ಚಂದ ಕಂಡಿತು. ಆದರೆ ಹೆಸರಿಗೆ ಮೆದುಳು ತಿರುಗಿದ ಮಾತ್ರಕ್ಕೆ ಮಾತು ಅರ್ಥವಾಗಿದೆ ಅನ್ನಲಿಕ್ಕೆ ಆಗುವುದಿಲ್ಲ ಅಲ್ವಾ? ಮೊಬೈಲ್ ರಿಪೇರಿ ಅಂಗಡಿಯಿಂದ ವೈಬ್ರೇಷನ್ ಮೋಟರ್ ತಂದು ಎರಡು ಮಣಿಕಟ್ಟಿಗೂ ಕಟ್ಟಿ, ಆ ಕಂಪನಕ್ಕೆ ಅಲೆ ಏಳುತ್ತದಾ ಅಂತ ನೋಡಿದೆ. ನನ್ನ ಮಗನ ಮೇಲೆ ಚೆನ್ನಾಗಿ ನಡೆಯಿತು, ಅಕ್ಕನಲ್ಲಿ ಏನೂ ಇಲ್ಲ. ಮೋಟರುಗಳು ಈಗಲೂ ಡಬ್ಬಿಯಲ್ಲಿವೆ.

ಕೊನೆಗೆ ಉಳಿದದ್ದು ಚಲನೆಯ ಕಲ್ಪನೆ. “ಬಲಗೈ ಮುಷ್ಟಿ ಹಿಡಿದ ಹಾಗೆ ಅಂದುಕೊಳ್ಳಿ” ಅಂತ ಕನ್ನಡದಲ್ಲಿ, ನನ್ನದೇ ಧ್ವನಿಯಲ್ಲಿ ಹಾಕಿದೆ. ಅಲೆ ನೋಡಿ ಮುಷ್ಟಿಯೋ ಸುಮ್ಮನಿದ್ದದ್ದೋ ಅಂತ ಹೇಳುವ ಪ್ರೋಗ್ರಾಮು ಎರಡನೇ ವಾರದಲ್ಲಿ 70 ಪರ್ಸೆಂಟ್ ಸರಿ ಅಂತ ತೋರಿಸಿತು. ಸಿ4ರಲ್ಲಿ, ಅಂದರೆ ತಲೆಯ ಬಲಗಡೆಯ ಎಲೆಕ್ಟ್ರೋಡಿನಲ್ಲಿ, ಬೀಟಾ ಅನ್ನುವ ವೇಗದ ಅಲೆ ಎದ್ದು ಕಾಣುತ್ತಿತ್ತು. ಖುಷಿಯಲ್ಲಿ ಮಗಳಿಗೆ ಫೋನ್ ಕೂಡ ಮಾಡಿಬಿಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ. ಬಲಗಡೆ ಮೂಳೆಯೇ ಇಲ್ಲ. ಅಲ್ಲಿ ಅಲೆ ದೊಡ್ಡದಾಗಿ ಕಾಣದೆ ಇನ್ನೇನು! ಬ್ರೀಚ್ ರಿದಂ ಅಂತ ಎಷ್ಟು ರಿಪೋರ್ಟಿನಲ್ಲಿ ನಾನೇ ಗುರುತು ಹಾಕಿದ್ದೇನೆ. ಬೆಳಿಗ್ಗೆ ಒಂದು ಕಲ್ಲಂಗಡಿ ತಂದು ಅದಕ್ಕೆ ಕ್ಯಾಪ್ ಹಾಕಿ, ಪೇಸ್ಟ್ ಹಚ್ಚಿ, ಅದೇ ರೆಕಾರ್ಡಿಂಗನ್ನು ಅದಕ್ಕೂ ಕೇಳಿಸಿದೆ. ಕಲ್ಲಂಗಡಿಯೂ 66 ಪರ್ಸೆಂಟ್ ಸರಿಯಾಗಿ ಉತ್ತರ ಕೊಟ್ಟಿತು.

ಯಾಕೆಂದರೆ ನಾನು ‘ಮುಷ್ಟಿ ಹಿಡಿಯಿರಿ’ ಅನ್ನುವುದನ್ನೆಲ್ಲ ಒಟ್ಟಿಗೆ, ‘ಸುಮ್ಮನಿರಿ’ ಅನ್ನುವುದನ್ನೆಲ್ಲ ಆಮೇಲೆ ಒಟ್ಟಿಗೆ ಹಾಕಿದ್ದೆ. ಆ ಹೊತ್ತಿನಲ್ಲಿ ಪೇಸ್ಟ್ ಒಣಗುತ್ತದೆ, ಸಿಗ್ನಲ್ ಮೆಲ್ಲ ಜಾರುತ್ತದೆ. ಪ್ರೋಗ್ರಾಮು ಆ ಜಾರುವಿಕೆಯನ್ನೇ ಕಲಿತುಬಿಡುತ್ತದೆ. 2011ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ 16 ರೋಗಿಗಳಲ್ಲಿ 3 ಮಂದಿ ಇಇಜಿಯಲ್ಲಿ ಸ್ಪಂದಿಸಿದರು ಅಂತ ಬಂದಾಗ, 2013ರಲ್ಲಿ ಇನ್ನೊಂದು ತಂಡ ಹೆಚ್ಚುಕಡಿಮೆ ಇದೇ ಆಕ್ಷೇಪ ಎತ್ತಿತ್ತು. ನಾನು ಅದನ್ನು ಓದಿಯೂ ಬಿದ್ದೆ. ಮಗಳ ಹತ್ತಿರ ಹೋಗಿ “ನಿನ್ನೆ ಹೇಳಿದ್ದು ತಪ್ಪು ಮಗಾ” ಅಂದೆ. ಅದಕ್ಕಿಂತ ಕಷ್ಟದ ಕೆಲಸ ಈ ಹದಿನಾಲ್ಕು ತಿಂಗಳಲ್ಲಿ ಬೇರೆ ಇರಲಿಲ್ಲ. ಅಂದಿನಿಂದ ಎಲ್ಲ ಮಾತನ್ನೂ ಕಲಸಿ ಹಾಕುತ್ತೇನೆ, ಸಿ4 ಕಡೆ ನೋಡುವುದೇ ಇಲ್ಲ. ಪ್ರತಿ ಹೊಸ ಸೆಟ್ಟಿಂಗಿಗೂ ಮೊದಲು ಒಂದು ಕಲ್ಲಂಗಡಿ.

ಕಲಸಿ ಹಾಕಿದ ಮೇಲೆ ಅಕ್ಕನ ಅಂಕ 50ಕ್ಕೆ ಇಳಿಯಿತು, ಅಂದರೆ ನಾಣ್ಯ ಚಿಮ್ಮಿದಷ್ಟೇ. ನಾಲ್ಕು ತಿಂಗಳು ಹಾಗೇ ಇತ್ತು.

ದಾರಿ ಕಾಣಿಸಿದ್ದು ಮಗಳೇ. ಒಂದು ದಿನ ಚಾ ಕೊಡುವಾಗ ಅಂದಳು: “ಅಣ್ಣ, ಅಮ್ಮನಿಗೆ ಮುಷ್ಟಿ ಹಿಡಿ ಅಂದ್ರೆ ಎಂಥ? ಅವರು ವರ್ಷಗಟ್ಟಲೆ ಬೀಡಿ ಕಟ್ಟಿದವರು. ಮತ್ತೆ ಮನೆಯಲ್ಲಿ ಅವರು ಕನ್ನಡ ಮಾತಾಡಿದ್ದೇ ಇಲ್ಲ.” ನಾನೂ ತುಳುವಿನವನೇ. ಮನೆಯಲ್ಲಿ ತುಳು, ಮಿಷನ್ ಮುಂದೆ ಕೂತರೆ ಕನ್ನಡ. ಹೊಳೆಯಲೇ ಇಲ್ಲ ನೋಡಿ.

ಮಗಳ ಧ್ವನಿಯಲ್ಲಿ ತುಳುವಿನಲ್ಲಿ ರೆಕಾರ್ಡ್ ಮಾಡಿದೆವು. ಮಡಿಲಲ್ಲಿ ತಡ್ಪೆ (ಮೊರ) ಉಂಟು, ಎಲೆ ಕತ್ತರಿಸಿ ಆಗಿದೆ, ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ತುದಿ ಮಡಚಿ, ನೂಲು ಕಟ್ಟಿ. ಸೆಷನ್ನಿಗೆ ಮುಂಚೆ ಎಲೆಯ ವಾಸನೆ ಸಿಗಲಿ ಅಂತ ನಾಲ್ಕು ಎಲೆಗಳನ್ನು ದಿಂಬಿನ ಹತ್ತಿರ ಇಟ್ಟೆವು. ಎರಡು ಚೆಂಡೆ ಪದವನ್ನೂ ಕೇಳಿಸಿದೆವು, ಅದರಿಂದ ಕಣ್ಣು ಜಾಸ್ತಿ ಹೊತ್ತು ತೆರೆದಿರುತ್ತಿತ್ತು. ಸ್ನಾಯು ಬಿಗಿತಕ್ಕೆ ಬೆಳಿಗ್ಗೆ ಕೊಡುವ ಬ್ಯಾಕ್ಲೊಫೆನ್ ಮಾತ್ರೆಯಿಂದ ತೂಕಡಿಕೆ ಬರುತ್ತಿದೆ ಅನಿಸಿ ಡಾಕ್ಟರನ್ನು ಕೇಳಿದೆ, ಅವರು ಹೊತ್ತು ಬದಲಿಸಿಕೊಟ್ಟರು. ಸ್ನಾನ ಆಗಿ ಹತ್ತೂವರೆಗೆ ಕೂರುವುದು.

ಮೊದಲ ದಿನವೇ, ಬಲಗೈಯನ್ನು ಆಡಿಸುವ ಎಡ ಮೆದುಳಿನ ಮೇಲಿರುವ ಸಿ3ರಲ್ಲಿ, 10 ಹರ್ಟ್ಸಿನ ಹತ್ತಿರದ ಮ್ಯೂ ಅಲೆ ಕೆಳಗೆ ಬಿತ್ತು. ಕೈ ಆಡಿಸಿದ ಹಾಗೆ ಅಂದುಕೊಂಡಾಗ ಈ ಅಲೆ ಇಳಿಯುತ್ತದೆ. ‘ಕಟ್ಟಿ’ ಅಂದಾಗ ಬೀಳುವುದು, ‘ಸಾಕು’ ಅಂದಾಗ ಏಳುವುದು. ಆ ದಿನದ ಕಲ್ಲಂಗಡಿ 49 ಪರ್ಸೆಂಟ್.

ಆಮೇಲೆ ಪ್ರಶ್ನೆಗಳು. ‘ಅಂದ್’ ಆದರೆ ಬೀಡಿ ಕಟ್ಟಿ, ‘ಅತ್ತ್’ ಆದರೆ ಸುಮ್ಮನಿರಿ. ಆದರೆ ಸುಮ್ಮನಿರುವುದಕ್ಕೂ ನಿದ್ದೆಗೂ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಅದಕ್ಕೆ ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳುತ್ತೇವೆ, ಎರಡನೇ ಸಲ ಅಲ್ಲ ಆದರೆ ಕಟ್ಟಿ ಅಂತ ತಿರುಗಿಸಿ. ಎರಡೂ ಹೊಂದಿದರೆ ಮಾತ್ರ ಉತ್ತರ. ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಮಗಳು ಬರೆದಳು, ನನಗೆ ತೋರಿಸಲಿಲ್ಲ. 20ರಲ್ಲಿ 15ಕ್ಕಿಂತ ಕಡಿಮೆ ಬಂದರೆ ಲೆಕ್ಕಕ್ಕಿಲ್ಲ ಅಂತ ಮೊದಲೇ ಬರೆದಿಟ್ಟಿದ್ದೆ, ನಾಣ್ಯ ಚಿಮ್ಮಿದರೂ 12-13 ಬರುತ್ತದೆ. ನಮಗೆ ಬಂದದ್ದು 17, 14, 16, 18. ಹದಿನಾಲ್ಕರ ದಿನ ಅವರಿಗೆ ಜ್ವರ.

ದಿಂಬಿಗೆ ಒತ್ತದ ಹಾಗೆ ಕ್ಯಾಪ್ ಹೇಗೆ ಹೊಲಿದೆ, ಹೇಳಿದ ಎಷ್ಟು ಕ್ಷಣದ ಮೇಲಿನ ತುಂಡನ್ನು ತೆಗೆದುಕೊಳ್ಳುತ್ತೇನೆ, ಈ ಎರಡು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಕೈಗೆ ಬರಲಿಕ್ಕೆ ನನಗೂ ಒಂದು ವರ್ಷ ಬೇಕಾಯಿತು.

ಉತ್ತರ ಗೊತ್ತಿಲ್ಲದ ಮೊದಲ ಪ್ರಶ್ನೆ: ನೋವುಂಟಾ? ಅಂದ್. ತಲೆಯಾ? ಅತ್ತ್. ಕೈಯಾ? ಅತ್ತ್. ಸೊಂಟವಾ? ಅಂದ್. ಎಡಗಡೆಯಾ? ಅಂದ್. ಇಷ್ಟಕ್ಕೇ ಎರಡು ದಿನ ಹಿಡಿಯಿತು. ಡಾಕ್ಟರಿಗೆ ಹೇಳಿದೆ. ಅದೇ ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ಎಡ ಸೊಂಟದ ಕೀಲಿನ ಸುತ್ತ ಬೇಡದ ಮೂಳೆ ಬೆಳೆದಿತ್ತು. ತಲೆಗೆ ಪೆಟ್ಟು ಬಿದ್ದವರಲ್ಲಿ ಹೀಗಾಗುವುದುಂಟು. ಅಷ್ಟು ತಿಂಗಳೂ ದಿನಕ್ಕೆರಡು ಸಲ ಆ ಕಾಲನ್ನೇ ನಾವು ಮಡಚಿಸುತ್ತಿದ್ದೆವು.

ಈಗ ಫಿಸಿಯೋ ಹುಡುಗ ಕಾಲು ಮುಟ್ಟುವ ಮೊದಲು ಕೇಳುತ್ತಾನೆ. ಕ್ಯಾಪ್ ಹಾಕುವುದು ಮಗಳೇ, ಇಪ್ಪತ್ತು ನಿಮಿಷ ಸಾಕು ಅವಳಿಗೆ. ಡಾಕ್ಟರು ಇನ್ನೊಬ್ಬರನ್ನು ನನ್ನ ಹತ್ತಿರ ಕಳಿಸಿದ್ದಾರೆ, ಮಲ್ಪೆಯವರು, ಬೋಟಿನಲ್ಲಿ ಕೆಲಸ ಮಾಡುತ್ತಿದ್ದವರು. ಬಲೆಯ ಹಗ್ಗ ಎಳೆಯುವುದನ್ನು ಅವರ ಅಣ್ಣನ ಧ್ವನಿಯಲ್ಲಿ ರೆಕಾರ್ಡ್ ಮಾಡಿ ಆಗಿದೆ. ಗುರುವಾರ ಮೊದಲ ಸೆಷನ್. ಕಲ್ಲಂಗಡಿ ನಾಳೆ ತರಬೇಕು.