ಖಾಲಿ ಕಟಕಟೆಯನ್ನು ಬರೆಯುವುದು: ಲಾಹೋರ್ ಮೊಕದ್ದಮೆ ಕಾದಂಬರಿಯಾದ ಬಗೆ

ಲಾಹೋರ್ ಒಳಸಂಚು ಮೊಕದ್ದಮೆಯನ್ನು ಕಥೆ ಮಾಡಲು ಹೊರಟವರ ಕಣ್ಣಿಗೆ ಮೊದಲು ಕಟ್ಟುವುದು ಒಂದೇ ದೃಶ್ಯ. ಜಡ್ಜು ಗಲ್ಲಿನ ತೀರ್ಪು ಓದುತ್ತಾರೆ, ಕಟಕಟೆಯಲ್ಲಿ ನಿಂತ ಭಗತ್ ಸಿಂಗ್, ಸುಖದೇವ್, ರಾಜಗುರು ಘೋಷಣೆ ಕೂಗುತ್ತಾರೆ. ನನ್ನ ಮೊದಲ ಕರಡು ಮುಗಿದದ್ದೂ ಹೀಗೆಯೇ. ಆದರೆ ಅದು ನಡೆಯಲೇ ಇಲ್ಲ. 1930ರ ಅಕ್ಟೋಬರ್ 7ರಂದು ತೀರ್ಪು ಹೊರಬಿದ್ದಾಗ ಆರೋಪಿಗಳು ಕೋರ್ಟಿನಲ್ಲಿರಲಿಲ್ಲ. ಸುದ್ದಿ ಅವರಿದ್ದ ಜೈಲಿಗೆ ಹೋಯಿತು. ಇಷ್ಟು ಗೊತ್ತಾದ ಮೇಲೆ ಇಡೀ ಕಾದಂಬರಿಯನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಮೊದಲು ಮಾಡಿದ ಕೆಲಸ, ಮೂರು ಹಂತಗಳನ್ನು ಮೂರು ಹಾಳೆಗಳಲ್ಲಿ ಬೇರೆ ಮಾಡಿದ್ದು. 1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಕೇಂದ್ರ ಶಾಸನ ಸಭೆಯಲ್ಲಿ ಬಾಂಬ್ ಎಸೆದದ್ದರ ವಿಚಾರಣೆ ದೆಹಲಿಯದು. ಅದು ಜೂನ್ 12ಕ್ಕೆ ಜೀವಾವಧಿ ಕರಿನೀರಿನ ಶಿಕ್ಷೆಯೊಂದಿಗೆ ಮುಗಿಯಿತು. ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್‌ನ ಕೊಲೆಯ ಮೊಕದ್ದಮೆ ಲಾಹೋರಿನದು. 1929ರ ಜುಲೈ 10ರಿಂದ ಮ್ಯಾಜಿಸ್ಟ್ರೇಟರ ಮುಂದೆ ಜೈಲಿನೊಳಗೇ ನಡೆಯಿತು. 1930ರ ಮೇ 1ರಂದು ವೈಸ್‌ರಾಯ್ ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಳಿ ನೇಮಿಸಿದರು. ಅದು ಕುಳಿತದ್ದು ಲಾಹೋರಿನ ಪೂಂಚ್ ಹೌಸ್‌ನಲ್ಲಿ. ಈ ಮೂರನ್ನು ಕಲಸಿದರೆ ಬಟುಕೇಶ್ವರ ದತ್ತರನ್ನೂ ನೇಣಿಗೆ ಹಾಕುವ ತಪ್ಪು ಆಗುತ್ತದೆ. ದತ್ತರ ಶಿಕ್ಷೆ ದೆಹಲಿಯ ಕೇಸಿನದು. ಅವರು 1965ರವರೆಗೆ ಬದುಕಿದ್ದರು.

ಹಾಳೆಯ ಎಡಕ್ಕೆ ಕೋರ್ಟಿನ ತಾರೀಖು, ಬಲಕ್ಕೆ ಉಪವಾಸದ ದಿನ. ರಾಜಕೀಯ ಕೈದಿಗಳಿಗೆ ತಕ್ಕ ಸೌಲಭ್ಯ ಬೇಡಿ ಭಗತ್ ಸಿಂಗ್ ಮತ್ತು ದತ್ತರು ಜೈಲಿನಲ್ಲಿ ಹೂಡಿದ ಉಪವಾಸ 1929ರ ಜೂನ್ ನಡುವಿನಲ್ಲಿ ಶುರುವಾಗಿತ್ತು, ಲಾಹೋರ್ ಮೊಕದ್ದಮೆಯ ಆರೋಪಿ ಜತೀಂದ್ರನಾಥ ದಾಸರದು ಜುಲೈ 13ರಂದು. ದಾಸರು ತೀರಿಕೊಂಡದ್ದು ಸೆಪ್ಟೆಂಬರ್ 13ರಂದು. ಎಲ್ಲರೂ ಹೇಳುವ 63 ದಿನ ಸಿಗಬೇಕಾದರೆ ಮೊದಲ ದಿನವನ್ನೂ ಕೊನೆಯ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದು ಸಣ್ಣ ವಿಷಯವಲ್ಲ. ಉಪವಾಸದ 10ನೇ ದಿನದ ಮನುಷ್ಯ ಮಾತಿಗೆ ಮಾತು ಕೊಡಬಲ್ಲ, 50ನೇ ದಿನದವನಿಗೆ ದೀರ್ಘ ಸಂಭಾಷಣೆ ಕೊಟ್ಟರೆ ಓದುಗ ನಂಬುವುದಿಲ್ಲ. ಮೂಗಿಗೆ ನಳಿಗೆ ತೂರಿಸಿ ಹಾಲು ಇಳಿಸುವ ದೃಶ್ಯದಲ್ಲಿ ವಿಶೇಷಣಗಳನ್ನೆಲ್ಲ ಹೊಡೆದುಹಾಕಿದೆ. ಹಿಡಿದುಕೊಂಡವರು ಎಷ್ಟು ಮಂದಿ, ನಳಿಗೆ ಎಲ್ಲಿ ತಡೆಯಿತು, ಹಾಲು ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಹೋದಾಗ ಕೆಮ್ಮು ಹೇಗೆ ಬದಲಾಯಿತು, ಇಷ್ಟು ಸಾಕು.

ಮ್ಯಾಜಿಸ್ಟ್ರೇಟರ ಹಂತ ಕಾದಂಬರಿಕಾರನಿಗೆ ಸುಗ್ಗಿ. ಹುಡುಗರೆಲ್ಲ ಒಂದೇ ಕೋಣೆಯಲ್ಲಿದ್ದಾರೆ, ಎದುರಿಗೆ ನಿನ್ನೆಯ ಗೆಳೆಯ ಕ್ಷಮೆ ಪಡೆದು ಸರ್ಕಾರದ ಪರ ನುಡಿಯುವ ಮಾಫಿ ಸಾಕ್ಷಿಯಾಗಿ ನಿಂತಿದ್ದಾನೆ. ಜೈಗೋಪಾಲ್ ಸಾಕ್ಷಿ ಹೇಳಲು ಬಂದಾಗ ಆರೋಪಿಗಳಲ್ಲೇ ಚಿಕ್ಕವನಾದ ಪ್ರೇಮದತ್ತ ಚಪ್ಪಲಿ ಎಸೆದ. ಆಮೇಲೆ ಎಲ್ಲರಿಗೂ ಕೋರ್ಟಿನಲ್ಲೇ ಕೈಕೋಳ. ಚಪ್ಪಲಿ ಎಸೆತದ ಮೇಲೆ ಎರಡು ಪುಟ ಬರೆಯುವ ಆಸೆ ಹುಟ್ಟುತ್ತದೆ. ನಾನು ಅದಕ್ಕೆ ನಾಲ್ಕೇ ಸಾಲು ಕೊಟ್ಟು ಕೈಕೋಳಕ್ಕೆ ಹೆಚ್ಚು ಜಾಗ ಬಿಟ್ಟೆ. ಕೋಳ ಬಿದ್ದ ಕೈಯಲ್ಲಿ ಟಿಪ್ಪಣಿ ಬರೆದುಕೊಳ್ಳುವುದು ಹೇಗೆ, ಕಾಗದ ಕೆಳಗೆ ಬಿದ್ದರೆ ಎತ್ತಿಕೊಳ್ಳುವವರು ಯಾರು ಎಂಬಲ್ಲೇ ಕಥೆ ಇದೆ.

ಕಷ್ಟ ಶುರುವಾಗುವುದು 1930ರ ಮೇ 12ರಂದು. ಅಂದು ಕೋರ್ಟಿನಲ್ಲೇ ಪೊಲೀಸರು ಆರೋಪಿಗಳನ್ನು ಹೊಡೆದರು. ಮಂಡಳಿಯ ಮೂವರಲ್ಲಿ ಒಬ್ಬರಾದ ನ್ಯಾಯಮೂರ್ತಿ ಆಗಾ ಹೈದರ್, ಆರೋಪಿಗಳನ್ನು ಕೋರ್ಟಿನಿಂದ ಜೈಲಿಗೆ ಕಳಿಸುವ ಆದೇಶದಲ್ಲಿ ತಮ್ಮ ಪಾಲಿಲ್ಲವೆಂದು ಬರೆದಿಟ್ಟರು. ಜೂನ್‌ನಲ್ಲಿ ಮಂಡಳಿಯನ್ನೇ ಬದಲಿಸಿದರು, ಹೊಸದರಲ್ಲಿ ಅವರಿರಲಿಲ್ಲ. ಆರೋಪಿಗಳು ಬಹಿಷ್ಕರಿಸಿದ್ದರಿಂದ ಮುಂದಿನ ವಿಚಾರಣೆಯ ಬಹುಭಾಗ ಅವರಿಲ್ಲದೆಯೇ ಸಾಗಿತು. ನಾಯಕರೇ ಇಲ್ಲದ ಕೋರ್ಟನ್ನು ಬರೆಯುವುದು ಹೇಗೆ?

ಎರಡು ದಾರಿ ಹಿಡಿದು ಸೋತೆ. ಕಥೆಯನ್ನು ಪೂರಾ ಜೈಲಿಗೆ ಒಯ್ದರೆ ಮೊಕದ್ದಮೆಯ ಬಿಗಿ ಸಡಿಲಾಗಿ ಬರೀ ಚರ್ಚೆ ಉಳಿಯುತ್ತದೆ. ಸಾಕ್ಷಿಗಳ ಹೇಳಿಕೆಯನ್ನು ದಾಖಲೆಯಲ್ಲಿದ್ದಂತೆ ಸುರಿದರೆ ಕಡತ ಓದಿದಂತಾಗುತ್ತದೆ. ಕೊನೆಗೆ ಒಬ್ಬ ಪೇಷ್ಕಾರನನ್ನು ಸೃಷ್ಟಿಸಿದೆ. ಅವನು ಕಾಗದ ಜೋಡಿಸುವ ಗುಮಾಸ್ತ, ಪೂರಾ ಕಲ್ಪಿತ. ಸಾಕ್ಷಿಯ ಮಾತು ಮುಗಿದಾಗಲೆಲ್ಲ ಪಾಟೀಸವಾಲಿಗೆಂದು ಅವನು ಬಿಟ್ಟ ಜಾಗ ಖಾಲಿ ಉಳಿಯುತ್ತದೆ. ಮೊದಲ ವಾರ ಅರ್ಧ ಪುಟ ಬಿಡುತ್ತಿದ್ದವನು ಜುಲೈ ಹೊತ್ತಿಗೆ ಎರಡು ಬೆರಳಷ್ಟು ಬಿಡುತ್ತಾನೆ, ಆಗಸ್ಟ್‌ನಲ್ಲಿ ಬಿಡುವುದೇ ಇಲ್ಲ. ಅನ್ಯಾಯ ಎಂಬ ಪದ ಆ ಮೂರು ಅಧ್ಯಾಯಗಳಲ್ಲಿ ಎಲ್ಲೂ ಬೇಕಾಗಲಿಲ್ಲ.

ಮಾತಿನ ವಿಷಯಕ್ಕೆ ಒಂದು ಕಟ್ಟುಪಾಡು ಹಾಕಿಕೊಂಡೆ. ಚರಿತ್ರೆಯಲ್ಲಿದ್ದ ವ್ಯಕ್ತಿಯ ಬಾಯಲ್ಲಿ ಉದ್ಧರಣ ಚಿಹ್ನೆಯೊಳಗೆ ಹೊಸ ಮಾತು ಇಡಬಾರದು. ಅವರು ಬರೆದದ್ದು, ಹೇಳಿದ್ದು ದಾಖಲಾಗಿದ್ದರೆ ಮಾತ್ರ ಇಡಬೇಕು. ಉಳಿದದ್ದೆಲ್ಲ ಕೇಳಿಸಿಕೊಂಡವರ ಮೂಲಕ ಬರಬೇಕು. ಭಗತ್ ಸಿಂಗ್‌ರ ತಂದೆ ಕಿಶನ್ ಸಿಂಗ್, ಕೊಲೆಯ ದಿನ ಮಗ ಲಾಹೋರಿನಲ್ಲಿ ಇರಲಿಲ್ಲವೆಂದು ಸಾಬೀತು ಮಾಡಲು ಅವಕಾಶ ಬೇಡಿ 1930ರ ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕಿದರು. ಮಗ ಅಕ್ಟೋಬರ್ 4ರಂದು ಅದನ್ನು ಖಂಡಿಸಿ ಪತ್ರ ಬರೆದ. ಅಪ್ಪ-ಮಗ ಎದುರುಬದುರು ಕೂತು ಜಗಳವಾಡುವ ದೃಶ್ಯ ಕಟ್ಟುವುದು ಸುಲಭ. ನನ್ನ ಪುಸ್ತಕದಲ್ಲಿ ಅಪ್ಪ ಒಬ್ಬರೇ ಕೂತು ಪತ್ರ ಓದುತ್ತಾರೆ. ಇದಕ್ಕಿಂತ ಹೆಚ್ಚು ಬರೆಯುವ ಹಕ್ಕು ನನಗಿದೆ ಅನ್ನಿಸಲಿಲ್ಲ.

ಇವರಾಡುವ ಕನ್ನಡ ಯಾವುದು? ದಾಸರು ಬಂಗಾಳದವರು, ರಾಜಗುರು ಪುಣೆ ಬಳಿಯ ಖೇಡ್‌ನವರು, ಸುತ್ತಲಿನವರು ಪಂಜಾಬಿನವರು. ಒಬ್ಬೊಬ್ಬರಿಗೆ ನಮ್ಮ ಒಂದೊಂದು ಸೀಮೆಯ ಆಡುಮಾತು ಕೊಟ್ಟು ನೋಡಿದರೆ ಲಾಹೋರಿನ ಕೋರ್ಟು ಧಾರವಾಡಕ್ಕೆ ಬಂದುಬಿಡುತ್ತದೆ. ಸರಳ ಕನ್ನಡವೇ ನಿಂತಿತು. ಕೋರ್ಟಿನ ಪದಗಳಿಗೆ ಪರದಾಡಬೇಕಾಗಲಿಲ್ಲ: ಮೊಕದ್ದಮೆ, ವಕೀಲ, ಜಾಮೀನು, ಅರ್ಜಿ, ಹಾಜರು, ಜಪ್ತಿ ಎಲ್ಲವೂ ಅವರಿಗೂ ನಮಗೂ ಒಂದೇ. ಗೆಳೆಯರೊಳಗೆ ನೀನು, ಮ್ಯಾಜಿಸ್ಟ್ರೇಟರಿಗೆ ತಾವು. ಕೈಕೋಳದ ದಿನದಿಂದ ನನ್ನ ಕಲ್ಪಿತ ಆರೋಪಿಯೊಬ್ಬ ಮ್ಯಾಜಿಸ್ಟ್ರೇಟರಿಗೆ ನೀವು ಎನ್ನತೊಡಗುತ್ತಾನೆ. ಅದನ್ನು ವಿವರಿಸಲು ಹೋಗಲಿಲ್ಲ.

ಕರಡು ತಿದ್ದುವಾಗ ಹುಡುಕಿ ತೆಗೆದವು ಇನ್ನೂ ಕೆಲವು. ಹ್ಯಾಟ್ ತೊಟ್ಟ ಭಗತ್ ಸಿಂಗ್‌ರ ಚಿತ್ರ ಬಂಧನಕ್ಕೆ ಮುಂಚೆ ದೆಹಲಿಯ ಸ್ಟುಡಿಯೊದಲ್ಲಿ ತೆಗೆಸಿದ್ದು. ಆ ಹ್ಯಾಟ್ ಕಟಕಟೆಗೆ ಬರಬಾರದು. ಹೈಕೋರ್ಟಿಗೆ ಮೇಲ್ಮನವಿ ಹೋಗಬಾರದು, ಏಕೆಂದರೆ ಸುಗ್ರೀವಾಜ್ಞೆ ಆ ಬಾಗಿಲನ್ನೇ ಮುಚ್ಚಿತ್ತು. ಉಳಿದಿದ್ದದ್ದು ಅಂದಿನ ಅತ್ಯುನ್ನತ ಮೇಲ್ಮನವಿ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ಮಾತ್ರ, ಅಲ್ಲಿಯೂ 1931ರ ಫೆಬ್ರುವರಿಯಲ್ಲಿ ಅರ್ಜಿ ಬಿದ್ದುಹೋಯಿತು. ಇದೇ ಅಚ್ಚನ್ನು ಈಸೂರಿಗೆ ಒತ್ತಲೂ ಬಾರದು. 1943ರಲ್ಲಿ ಐವರನ್ನು ಗಲ್ಲಿಗೇರಿಸಿದ ಆ ಮೊಕದ್ದಮೆ ಮೈಸೂರು ಸಂಸ್ಥಾನದ್ದು. ಅಲ್ಲಿನ ಕೋರ್ಟು, ಅಧಿಕಾರಿಗಳು, ಕ್ಷಮಾದಾನ ಕೇಳುವ ದಾರಿ ಎಲ್ಲ ಬೇರೆ. ಹಾಳೆಗಳನ್ನು ಮೊದಲಿನಿಂದಲೇ ಬರೆಯಬೇಕು.

ತೀರ್ಪಿನ ಅಧ್ಯಾಯ ಈಗ ಒಂದೂವರೆ ಪುಟ. ಮೂವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ಕರಿನೀರು, ಇನ್ನೊಬ್ಬ ಆರೋಪಿ ಕುಂದನ್ ಲಾಲ್‌ಗೆ 7 ವರ್ಷ, ಚಪ್ಪಲಿ ಎಸೆದ ಪ್ರೇಮದತ್ತನಿಗೆ 5, ಮೂವರ ಬಿಡುಗಡೆ. ಪೇಷ್ಕಾರ ಹೆಸರುಗಳನ್ನು ನಕಲು ಮಾಡುತ್ತಾನೆ, ಶಾಯಿ ಒಣಗಲು ಕಾಯುತ್ತಾನೆ, ಕಾಗದವನ್ನು ಜೈಲಿಗೆ ಒಯ್ಯುವವನ ಕೈಗೆ ಕೊಡುತ್ತಾನೆ.