ರುಬ್ಲೇವ್‌ನ ಕಾಲುಮಣೆಯನ್ನು ನಾನು ‘ತಿದ್ದಿದ್ದು’

ಜಗತ್ತಿನ ಧಾರ್ಮಿಕ ಕಲೆಗಳ ಬಗ್ಗೆ ಕಲಿಯೋಣ ಅಂತ ಕೂತಾಗ ನಾನು ಮೊದಲು ಮಾಡಿದ್ದು ಪಟ್ಟಿ. ಬೈಜಾಂಟೈನ್, ಗೋಥಿಕ್ ಶೈಲಿಗಳು, ಟಿಬೆಟಿನ ಥಾಂಕಾ ಚಿತ್ರಗಳು, ಎಲ್ಲವೂ ಇಸವಿ ಸಮೇತ. ಎರಡು ನೋಟ್‌ಬುಕ್ ತುಂಬಿದವು. ಆದರೆ ಒಂದು ಚಿತ್ರ ಮುಂದಿಟ್ಟು ‘ಏನು ಕಾಣ್ತಿದೆ ಹೇಳು’ ಅಂದರೆ ಸುಮ್ನೆ ಕೂರುತ್ತಿದ್ದೆ.

ಆಮೇಲೆ ಓದು ಕಡಿಮೆ ಮಾಡಿ ಪೆನ್ಸಿಲ್ ಹಿಡಿದೆ. ನನಗೆ ಚಿತ್ರ ಬಿಡಿಸಲು ಬರುವುದು ಅಷ್ಟಕ್ಕಷ್ಟೇ. ಕಣ್ಣನ್ನು ಒಂದೇ ಕಡೆ ಅರ್ಧ ಗಂಟೆ ಕೂರಿಸಲು ಅದೊಂದು ನೆಪ ಅಷ್ಟೇ. ಚಿತ್ರಗಳಿಗೇನೂ ಬರವಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಂದೇ 2017ರಲ್ಲಿ ಲಕ್ಷಗಟ್ಟಲೆ ಚಿತ್ರಗಳನ್ನು ಎಲ್ಲರ ಬಳಕೆಗೆ ಬಿಟ್ಟಿತು.

ಮೊದಲು ಎತ್ತಿಕೊಂಡಿದ್ದು 15ನೇ ಶತಮಾನದ ರಷ್ಯನ್ ಚಿತ್ರಕಾರ ಆಂದ್ರೇ ರುಬ್ಲೇವ್‌ನ ‘ತ್ರಯೇಕತ್ವ’, ಅಂದರೆ ಮೂವರಲ್ಲಿ ಒಬ್ಬನೇ ದೇವರು ಎಂಬ ಕ್ರೈಸ್ತ ನಂಬಿಕೆಯ ಚಿತ್ರ. ಬೈಬಲ್ಲಿನ ಅಬ್ರಹಾಮನ ಮನೆಗೆ ಬಂದ ಮೂವರು ದೇವದೂತರು ಮೇಜಿನ ಸುತ್ತ ಕೂತಿದ್ದಾರೆ. ಅವರ ಕಾಲುಮಣೆ ಬಿಡಿಸುವಾಗ ಏನೋ ಸೊಟ್ಟ ಅನ್ನಿಸಿತು. ಶಾಲೆಯಲ್ಲಿ ಕಲಿತಂತೆ ಗೆರೆಗಳು ದೂರ ಹೋದ ಹಾಗೆ ಹತ್ತಿರ ಬರಬೇಕು, ಅಲ್ವಾ? ಇಲ್ಲಿ ದೂರ ಹೋದ ಹಾಗೆ ಅಗಲವಾಗುತ್ತವೆ. ನಾನು ‘ಸರಿ’ ಮಾಡಿಬಿಟ್ಟೆ. ಪೀಠೋಪಕರಣದ ಅಂಗಡಿಯ ಚಿತ್ರದ ಹಾಗಾಯಿತು! ಮತ್ತೆ ಮೂಲವನ್ನೇ ನೋಡಿದೆ. ಆ ಗೆರೆಗಳು ಹಿಂದಕ್ಕೆ ಹೋಗುವ ಬದಲು ನನ್ನ ಕಡೆಗೇ ಬಂದು ಸೇರುತ್ತಿದ್ದವು. ಮೇಜಿನ ಈಚೆ ಬದಿ ಖಾಲಿ. ಅಲ್ಲಿ ನಿಂತಿರುವುದು ನೋಡುವವನು. ಇದಕ್ಕೆ ವಿಲೋಮ ದೃಷ್ಟಿಕೋನ ಅನ್ನುತ್ತಾರೆ. ಆ ಪದ ನನ್ನ ನೋಟ್‌ಬುಕ್‌ನಲ್ಲಿ ಮೊದಲೇ ಇತ್ತು, ಅರ್ಥ ಆಗಿದ್ದು ಅವತ್ತು.

ಇನ್ನೊಂದು ಕೆಲಸ ಮಾಡಿದೆ. ಈ ಚಿತ್ರ ಸುಮಾರು 142 ಸೆಂ.ಮೀ. ಎತ್ತರ, 114 ಸೆಂ.ಮೀ. ಅಗಲ. ಗೋಡೆಯ ಮೇಲೆ ಅಷ್ಟು ಜಾಗಕ್ಕೆ ಟೇಪ್ ಅಂಟಿಸಿದೆ. ಪರದೆಯ ಮೇಲೆ ಅಂಗೈಯಷ್ಟು ಕಂಡಿದ್ದು ನನ್ನ ಎದೆ ದಾಟಿ ಬಂತು. ಈಗ ಯಾವ ಕೃತಿಯಾದರೂ ಮೊದಲು ಅಳತೆ ನೋಡುತ್ತೇನೆ.

ಮಧ್ಯ ಆಫ್ರಿಕಾದ ಕೊಂಗೊ ಜನರ ‘ಎನ್‌ಕಿಸಿ ಎನ್‌ಕೊಂಡಿ’ ಪ್ರತಿಮೆಯ ವಿಷಯದಲ್ಲಂತೂ ಪೂರ್ತಿ ಮೋಸ ಹೋದೆ. ಮರದ ಮನುಷ್ಯ, ಮೈತುಂಬಾ ಮೊಳೆ. ‘ಹಿಂಸೆ’ ಅಂತ ಬರೆದುಕೊಂಡಿದ್ದೆ. ಮೊಳೆಗಳನ್ನು ಒಂದೊಂದಾಗಿ ಹಾಳೆಯ ಮೇಲೆ ಬಿಡಿಸುವಾಗ ಗಮನಿಸಿದೆ, ಎರಡು ಮೊಳೆ ಒಂದೇ ಥರ ಇಲ್ಲ. ಕೆಲವು ಕಬ್ಬಿಣದ ಅಲಗುಗಳು, ಕೆಲವಕ್ಕೆ ಬಟ್ಟೆ ಚೂರು ಕಟ್ಟಿದೆ. ಯಾಕೆ ಅಂತ ಆಗ ಓದಿದೆ. ಆಣೆ ಇಟ್ಟಾಗ, ಒಪ್ಪಂದವಾದಾಗ, ಜಗಳ ತೀರ್ಮಾನವಾದಾಗ ಒಂದೊಂದು ಹೊಡೆಯುತ್ತಿದ್ದರು. ಒಂದು ಲೆಕ್ಕಕ್ಕೆ ಅವು ಸಹಿಗಳು. ‘ಹಿಂಸೆ’ ಹೊಡೆದುಹಾಕಿ ‘ದಾಖಲೆ ಪುಸ್ತಕ’ ಅಂತ ಬರೆದೆ. ‘ಇದು ಯಾವ ಶೈಲಿ’ ಎಂದಿದ್ದ ಕಡೆಯೆಲ್ಲ ‘ಇದರಿಂದ ಏನು ಮಾಡುತ್ತಿದ್ದರು’ ಅಂತ ಕೇಳಿಕೊಳ್ಳಲು ಶುರುಮಾಡಿದ್ದು ಆಮೇಲೆಯೇ.

ಸದ್ಯ ಇಸ್ಲಾಮಿಕ್ ಜ್ಯಾಮಿತಿ ವಿನ್ಯಾಸಗಳ ಹಿಂದೆ ಬಿದ್ದಿದ್ದೇನೆ. ಸ್ಪೇನಿನ ಅಲ್‌ಹಂಬ್ರಾ ಅರಮನೆಯಲ್ಲಿ ಕಾಣುವಂಥ ಎಂಟು ಮೂಲೆಯ ನಕ್ಷತ್ರ. ಒಂದು ವೃತ್ತ, ಅದರೊಳಗೆ ಒಂದರ ಮೇಲೊಂದು ತಿರುಗಿಸಿ ಇಟ್ಟ ಎರಡು ಚೌಕ. ಕೈವಾರ, ಅಳತೆಪಟ್ಟಿ ಸಾಕು, ಕೋನಮಾಪಕ ಬೇಡ. ಒಂದೇ ನಕ್ಷತ್ರ ಐದು ನಿಮಿಷದ ಕೆಲಸ. ಹದಿನಾರನ್ನು ಪಕ್ಕಪಕ್ಕ ಜೋಡಿಸಿದರೆ ಗೊತ್ತಾಗುತ್ತದೆ. ಪೆನ್ಸಿಲ್ ಮೊನೆ ಸ್ವಲ್ಪ ದಪ್ಪವಾದರೂ ತಪ್ಪು ಸಾಲಿನಿಂದ ಸಾಲಿಗೆ ಬೆಳೆಯುತ್ತದೆ. ನಾಲ್ಕನೇ ಹಾಳೆಯಲ್ಲೂ ಬಲಗಡೆಯ ಕೊನೆಯ ನಕ್ಷತ್ರ ಪಕ್ಕದ್ದಕ್ಕೆ ಕೂಡದೆ ಎರಡು ಮಿಲಿಮೀಟರ್ ಅಂತರ ಉಳಿದಿದೆ.