ಹಾಫ್ ಬಾಲ್ ಕಲಿಸಿದವರು

ನಾನು ಮೊದಲು ಕಲಿತದ್ದು ಪಾಯಿಂಟ್ ಎಣಿಸೋದು. ಆಡೋದು ಆಮೇಲೆ ಬಂತು. 1972ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಬೆಂಗಳೂರು ದಂಡಿನ ಕಡೆಯ ಒಂದು ಹಳೇ ಕ್ಲಬ್ಬಿನ ಬಿಲಿಯರ್ಡ್ಸ್ ರೂಮಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಹಿರಿಯ ಮಾರ್ಕರ್, ಅಂದರೆ ಸ್ಕೋರ್ ಎಣಿಸಿ ಟೇಬಲ್ ನೋಡಿಕೊಳ್ಳುವವರು, ಒಬ್ಬರಿದ್ದರು. ಮೆಂಬರುಗಳಿಂದ ಹಿಡಿದು ಅಡುಗೆಮನೆ ಹುಡುಗರ ತನಕ ಎಲ್ಲರೂ ಅವರನ್ನು ತಾತ ಅಂತಲೇ ಕರೆಯುತ್ತಿದ್ದರು. ಪಾಕೆಟ್ಟಿಗೆ ಬಿದ್ದ ಚೆಂಡು ಎತ್ತಿ ಕೊಡೋದು, ಕೆಂಪು ಚೆಂಡನ್ನು ಮತ್ತೆ ಟೇಬಲ್ ಮೇಲಿನ ಅದರ ಗುರುತಿನ (ಸ್ಪಾಟ್) ಮೇಲೆ ಕೂರಿಸೋದು, ಕೇಳಿದ ತಕ್ಷಣ ರೆಸ್ಟ್ (ಕೈ ಎಟುಕದ ಹೊಡೆತಕ್ಕೆ ಕ್ಯೂ, ಅಂದರೆ ಆಡುವ ಕೋಲು, ಆನಿಸಿಕೊಳ್ಳುವ ಸಾಧನ) ಕೊಡೋದು, ಗೋಡೆಯ ಮರದ ಬೋರ್ಡಿನಲ್ಲಿ ಮುಳ್ಳು ಸರಿಸೋದು, ಗಟ್ಟಿಯಾಗಿ ಸ್ಕೋರ್ ಕೂಗೋದು. ಇಷ್ಟೇ ನನ್ನ ಕೆಲಸ.

ಇಷ್ಟೇ ಅಂದರೂ ಕಣ್ಣು ಆಚೀಚೆ ಹೋಗುವಂತಿರಲಿಲ್ಲ. ಟೇಬಲ್ ಮೇಲೆ ಇರೋದು ಮೂರೇ ಚೆಂಡು, ಒಂದು ಕೆಂಪು, ಉಳಿದೆರಡು ಒಬ್ಬೊಬ್ಬರಿಗೆ ಒಂದು. ಆಗ ಇಬ್ಬರು ಆಟಗಾರರ ಚೆಂಡೂ ಬಿಳಿಯೇ. ಒಂದರ ಮೇಲೆ ಕಪ್ಪು ಚುಕ್ಕೆ ಇರುತ್ತಿತ್ತು, ಅದು ಸ್ಪಾಟ್. ಇನ್ನೊಂದು ಪ್ಲೇನ್. ಚುಕ್ಕೆ ಕೆಳಗಡೆ ತಿರುಗಿ ನಿಂತರೆ ಯಾವುದು ಯಾರದು ಅಂತ ಮಾರ್ಕರ್ ನೆನಪಿಟ್ಟಿರಬೇಕು. ಈಗಿನ ಹಳದಿ ಚೆಂಡು ಬಂದದ್ದು ಎಷ್ಟೋ ವರ್ಷ ಆದ ಮೇಲೆ. ತನ್ನ ಚೆಂಡು ಒಂದೇ ಹೊಡೆತದಲ್ಲಿ ಉಳಿದೆರಡಕ್ಕೂ ತಾಗಿದರೆ ಕ್ಯಾನನ್, ಅದಕ್ಕೆ ಎರಡು ಪಾಯಿಂಟ್. ಎದುರಾಳಿಯ ಬಿಳಿಯನ್ನು ಪಾಟ್ ಮಾಡಿದರೂ, ಅಂದರೆ ಪಾಕೆಟ್ಟಿಗೆ ಹಾಕಿದರೂ, ಅದಕ್ಕೆ ತಾಗಿ ತನ್ನ ಚೆಂಡು ಒಳಗೆ ಹೋದರೂ ಎರಡು. ಕೆಂಪಿಗಾದರೆ ಮೂರು. ಒಂದೇ ಹೊಡೆತದಲ್ಲಿ ಎರಡು ಮೂರು ಸೇರಿಕೊಂಡರೆ ಕೂಡಿಸಿ ಹೇಳಬೇಕು. ತಪ್ಪು ಕೂಗಿದರೆ ಯಾರೂ ಬೈಯುತ್ತಿರಲಿಲ್ಲ. ಸುಮ್ನೆ ನಿಂತು ನನ್ನ ಕಡೆ ನೋಡುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಹೀಗೆ ಎಣಿಸುತ್ತಾ ಎಣಿಸುತ್ತಾ ಒಬ್ಬೊಬ್ಬರ ಆಟ ತಲೆಯಲ್ಲಿ ಕೂತುಬಿಟ್ಟಿತು. ನಿವೃತ್ತ ಮೇಜರ್ ಒಬ್ಬರು ಎಲ್ಲ ಹೊಡೆತಕ್ಕೂ ಒಂದೇ ಜೋರು ಹಾಕುತ್ತಿದ್ದರು. ಕುಶನ್, ಅಂದರೆ ಟೇಬಲ್ ಅಂಚಿನ ರಬ್ಬರ್ ಪಟ್ಟಿಯ, ಸದ್ದು ವರಾಂಡದ ತನಕ ಕೇಳುತ್ತಿತ್ತು. ಚಿಕ್ಕಮಗಳೂರಿನ ಕಾಫಿ ತೋಟದವರೊಬ್ಬರು ತಿಂಗಳಿಗೊಮ್ಮೆ ಬರುತ್ತಿದ್ದರು. ಅವರದು ಮೇಲಿನ ತುದಿಯ ಆಟ. ಮೂರು ಚೆಂಡನ್ನೂ ಕೆಂಪಿನ ಸ್ಪಾಟ್ ಹತ್ತಿರವೇ ಇಟ್ಟುಕೊಂಡು ಒಂದು ಪಾಟ್, ಒಂದು ಕ್ಯಾನನ್, ಮತ್ತೆ ಪಾಟ್. ಚೆಂಡು ಒಂದಡಿಗಿಂತ ಜಾಸ್ತಿ ಓಡುತ್ತಲೇ ಇರಲಿಲ್ಲ.

ಆದರೆ ನನ್ನ ಗುರು ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಒಬ್ಬ ವಕೀಲರನ್ನು. ಕೋರ್ಟ್ ಮುಗಿಸಿ, ಕರಿ ಕೋಟು ಬಿಚ್ಚಿ ಮೊಳೆಗೆ ಹಾಕಿ, ಒಂದು ಲೋಟ ನೀರು ಕುಡಿದು ಟೇಬಲ್ಲಿಗೆ ಬರುತ್ತಿದ್ದರು. ಅವರ ಆಟವೆಲ್ಲ ಇನ್-ಆಫ್. ಅಂದರೆ ತನ್ನ ಚೆಂಡು ಕೆಂಪಿಗೆ ತಾಗಿ ತಾನೇ ಪಾಕೆಟ್ಟಿಗೆ ಹೋಗೋದು. ಸ್ನೂಕರ್ ಮಾತ್ರ ನೋಡಿದವರಿಗೆ ಇದು ಫೌಲ್ ಅನ್ನಿಸುತ್ತೆ ಅಲ್ವಾ? ಬಿಲಿಯರ್ಡ್ಸ್‌ನಲ್ಲಿ ಅದಕ್ಕೇ ಮೂರು ಪಾಯಿಂಟ್. ಚೆಂಡು ಒಳಗೆ ಹೋದ ಮೇಲೆ ಅದನ್ನು ‘ಡಿ’ ಒಳಗೆ, ಅಂದರೆ ಟೇಬಲ್ಲಿನ ಒಂದು ತುದಿಯಲ್ಲಿ ಬರೆದ ಅರ್ಧವೃತ್ತದೊಳಗೆ, ಬೇಕಾದಲ್ಲಿ ಇಟ್ಟು ಮುಂದಿನ ಹೊಡೆತ ಹೊಡೆಯಬಹುದು.

ಅವರು ಹೊಡೆಯುತ್ತಿದ್ದದ್ದು ಹೀಗೆ. ಕೆಂಪು ಮಧ್ಯದ ಪಾಕೆಟ್ಟುಗಳ ಗೆರೆಗಿಂತ ಸುಮಾರು ಒಂದೂವರೆ ಅಡಿ ಬಾಲ್ಕ್ ಕಡೆ, ಅಂದರೆ ‘ಡಿ’ ಇರುವ ತುದಿಯ ಕಡೆ, ನಿಂತಿರುತ್ತೆ. ಬಿಳಿ ಚೆಂಡು ‘ಡಿ’ಯ ಅಂಚಿನಲ್ಲಿ. ಮೆಲ್ಲಗೆ ಒಂದು ಹೊಡೆತ. ಬಿಳಿ ಹೋಗಿ ಮಧ್ಯದ ಪಾಕೆಟ್ಟಿಗೆ ಬೀಳುತ್ತೆ. ಕೆಂಪು ನೇರ ಮೇಲಕ್ಕೆ ಹೋಗಿ, ಮೇಲಿನ ಕುಶನ್ ಮುಟ್ಟಿ, ಕೊಟ್ಟಿಗೆಗೆ ವಾಪಸ್ ಬರೋ ಕರುವಿನ ಹಾಗೆ ತನ್ನ ಜಾಗಕ್ಕೇ ಬಂದು ನಿಲ್ಲುತ್ತೆ. ನಾನು ಚೆಂಡು ಎತ್ತಿ ಕೊಡುವಷ್ಟರಲ್ಲಿ ಅವರು ಬಗ್ಗಿ ರೆಡಿ. ಮೂರು. ಆರು. ಒಂಬತ್ತು. ಕೆಲವು ಸಂಜೆ ನನಗೆ ಕೂಗಿ ಕೂಗಿ ಗಂಟಲು ಒಣಗುತ್ತಿತ್ತು.

ಇದನ್ನು ಹೇಗಾದರೂ ಕಲಿಯಲೇಬೇಕು ಅಂತ ತಾತನನ್ನು ಕೇಳಿದೆ. “ಬೆಳಿಗ್ಗೆ ಐದೂವರೆಗೆ ಬಾ. ಮೊದಲು ಟೇಬಲ್ ಸೇವೆ ಮಾಡು, ಆಮೇಲೆ ಕ್ಯೂ ಮುಟ್ಟು” ಅಂದರು.

ಟೇಬಲ್ ಸೇವೆ ಅಂದರೆ ಬ್ರಷ್ ಮತ್ತು ಇಸ್ತ್ರಿ. ಹನ್ನೆರಡು ಅಡಿ ಟೇಬಲ್ಲಿನ ಹಸಿರು ಬಟ್ಟೆಗೆ ಒಂದು ದಿಕ್ಕು ಇರುತ್ತೆ. ಬೆಕ್ಕಿನ ಮೈ ಸವರಿದ ಹಾಗೆ, ಬಾಲ್ಕ್ ತುದಿಯಿಂದ ಮೇಲಿನ ತುದಿಗೆ ಮಾತ್ರ ಬ್ರಷ್ ಎಳೆಯಬೇಕು. ಒಂದು ಸಲ ಉಲ್ಟಾ ಎಳೆದರೂ ಮೆಲ್ಲಗೆ ಹೋಗುವ ಚೆಂಡು ದಾರಿ ಬಿಡುತ್ತೆ. ಆಮೇಲೆ ಇಸ್ತ್ರಿ. ಐದಾರು ಕೆ.ಜಿ. ತೂಕದ್ದು. ಬಿಸಿ ಸರಿಯಾಗಿದೆಯಾ ಅಂತ ಮೊದಲು ನ್ಯೂಸ್ ಪೇಪರ್ ಮೇಲೆ ಇಟ್ಟು ನೋಡೋದು. ಪೇಪರ್ ಕಂದು ಬಣ್ಣಕ್ಕೆ ತಿರುಗಿದರೆ ಇನ್ನೂ ಸ್ವಲ್ಪ ಹೊತ್ತು ಕಾಯಬೇಕು. ಇಸ್ತ್ರಿಯನ್ನು ಒಂದೇ ಸಮ ಎಳೆಯಬೇಕು, ಮಧ್ಯೆ ನಿಲ್ಲಿಸಬಾರದು. ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಚೆಂಡು ಮಂದ ಆಗುತ್ತಿತ್ತು. ಇಸ್ತ್ರಿ ಆದ ಮೇಲೆ ಅದೇ ಟೇಬಲ್ ಬೇರೆಯದೇ ಅನ್ನಿಸುತ್ತಿತ್ತು.

ಮೊದಲ ನಾಲ್ಕು ತಿಂಗಳು ತಾತ ನನಗೆ ಕೊಟ್ಟದ್ದು ಒಂದೇ ಚೆಂಡು. ಅದನ್ನು ಬಾಲ್ಕ್ ಗೆರೆಯ (‘ಡಿ’ಯ ನೇರ ಬದಿಯಲ್ಲಿ ಟೇಬಲ್ಲಿಗೆ ಅಡ್ಡಲಾಗಿ ಎಳೆದ ಗೆರೆ) ನಡುವಿನಿಂದ ಮಧ್ಯದ ಸ್ಪಾಟುಗಳ ಮೇಲೆ ನೇರ ಹೊಡೆದು, ಮೇಲಿನ ಕುಶನ್ನಿಂದ ವಾಪಸ್ ಬಂದು ಕ್ಯೂ ತುದಿಗೇ ಮುಟ್ಟುವ ಹಾಗೆ ಮಾಡಬೇಕು. ಚೆಂಡಿನ ನಡುವಿಗಿಂತ ಒಂದು ಕೂದಲಷ್ಟು ಪಕ್ಕಕ್ಕೆ ತಾಗಿದರೂ ಅದು ಎಡಕ್ಕೋ ಬಲಕ್ಕೋ ವಾಲುತ್ತೆ. ನನ್ನದು ಯಾವಾಗಲೂ ಬಲಕ್ಕೆ ವಾಲುತ್ತಿತ್ತು. ಮೊಣಕೈ ಹೊರಗೆ ಹೋಗುತ್ತಿದೆ ಅಂತ ತಾತ ಒಂದು ದಿನ ನನ್ನ ಹಿಂದೆ ನಿಂತು ಹೇಳಿದರು. ಗೋಡೆಗೆ ಮೈ ಒತ್ತಿ ನಿಂತು, ಕೈ ಗೋಡೆಗೆ ತಾಗದ ಹಾಗೆ ಕ್ಯೂ ಆಡಿಸಿ ಆಡಿಸಿ ಅದನ್ನು ತಿದ್ದಿಕೊಂಡೆ. ಎರಡು ತಿಂಗಳು ಹಿಡಿಯಿತು.

ಇನ್-ಆಫ್‌ಗೆ ಬಂದಾಗ ಗುರಿ ಹಿಡಿಯೋದು ಬೇಗ ಬಂತು. ಹಾಫ್ ಬಾಲ್ ಅಂದರೆ ನಿಮ್ಮ ಚೆಂಡಿನ ನಡುಭಾಗವನ್ನು ಕೆಂಪಿನ ಅಂಚಿಗೆ ಹಿಡಿಯೋದು. ಕಣ್ಣಿಗೆ ಒಂದು ಸ್ಪಷ್ಟ ಗುರುತು ಸಿಗೋದರಿಂದ ಇದು ಎಲ್ಲಕ್ಕಿಂತ ನಂಬಿಕೆಯ ಹೊಡೆತ. ಸ್ವಲ್ಪ ದಪ್ಪ ತಾಗಿದರೂ, ಸ್ವಲ್ಪ ತೆಳ್ಳಗೆ ತಾಗಿದರೂ ಬಿಳಿ ಹೋಗುವ ಕೋನ ಜಾಸ್ತಿ ಬದಲಾಗಲ್ಲ. ನನಗೆ ಕೈಕೊಟ್ಟದ್ದು ಜೋರು. ಜಾಸ್ತಿ ಹಾಕಿದರೆ ಕೆಂಪು ಇಳಿದು ಬಾಲ್ಕ್ ಗೆರೆ ದಾಟಿ ಕೂತುಬಿಡುತ್ತೆ. ‘ಡಿ’ಯಿಂದ ಆಡುವಾಗ ಬಾಲ್ಕ್ ಒಳಗಿನ ಚೆಂಡಿಗೆ ನೇರ ಹೊಡೆಯುವಂತಿಲ್ಲ. ಕಮ್ಮಿ ಹಾಕಿದರೆ ಕೆಂಪು ಮೇಲೆಯೇ ನಿಂತು, ಮುಂದಿನದು ಮೇಲಿನ ಮೂಲೆಯ ಪಾಕೆಟ್ಟಿಗೆ ಉದ್ದನೆಯ ಇನ್-ಆಫ್ ಆಗುತ್ತೆ. ವಕೀಲರು ಜೋರನ್ನು ಹೇಗೆ ಅಳೆಯುತ್ತಾರೆ ಅಂತ ವಾರಗಟ್ಟಲೆ ಬರೀ ಅವರ ಕೈ ನೋಡಿದೆ. ಅವರು ಕ್ಯೂ ಹಿಂದಕ್ಕೆ ಎಳೆಯುವ ದೂರ ಪ್ರತಿ ಸಲವೂ ಒಂದೇ. ಎಳೆದ ಮೇಲೆ ಒಂದು ಕ್ಷಣ ನಿಲ್ಲುತ್ತಿದ್ದರು. ಆ ನಿಲ್ಲುವಿಕೆಯನ್ನು ನಾನು ಕದ್ದೆ. ಕೆಂಪು ಹತೋಟಿಗೆ ಬಂದದ್ದು ಅಲ್ಲಿಂದಲೇ.

ಇಸ್ತ್ರಿ ಕಾಯುವ ಹೊತ್ತಿನಲ್ಲಿ ತಾತ ಹಳಬರ ಕಥೆ ಹೇಳುತ್ತಿದ್ದರು. 1907ರಲ್ಲಿ ಇಂಗ್ಲೆಂಡಿನ ಟಾಮ್ ರೀಸ್ ಎರಡು ಚೆಂಡನ್ನು ಪಾಕೆಟ್ಟಿನ ಬಾಯಲ್ಲಿ ನಿಲ್ಲಿಸಿಕೊಂಡು, ವಾರಗಟ್ಟಲೆ ಕ್ಯಾನನ್ ಮೇಲೆ ಕ್ಯಾನನ್ ಹೊಡೆದು 4,99,135ರ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಅಷ್ಟು ಪಾಯಿಂಟ್, ಮಾಡಿದ್ದು. 1932ರಲ್ಲಿ ಲಂಡನ್ನಿನಲ್ಲಿ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ 4,137 ಹೊಡೆದಾಗ ಎದುರಾಳಿ ಜೋ ಡೇವಿಸ್ ಕುರ್ಚಿಯಲ್ಲಿ ಕೂತೇ ಇದ್ದದ್ದು. ಲಿಂಡ್ರಮ್ ಕುಶನ್ ಉದ್ದಕ್ಕೂ ಸಣ್ಣ ಸಣ್ಣ ಕ್ಯಾನನ್ ಹೊಡೆದುಕೊಂಡು ಹೋಗುವುದನ್ನು ತಡೆಯೋಕೆ ನಿಯಮವನ್ನೇ ಬದಲಾಯಿಸಬೇಕಾಯಿತಂತೆ. ತಾತನಿಗೆ ಇವರೆಲ್ಲರಿಗಿಂತ ಪ್ರೀತಿ ವಿಲ್ಸನ್ ಜೋನ್ಸ್ ಮೇಲೆ. ಪುಣೆಯಲ್ಲಿ ಹುಟ್ಟಿದವರು. 1958ರಲ್ಲಿ ಕಲ್ಕತ್ತಾದಲ್ಲಿ ವಿಶ್ವ ಚಾಂಪಿಯನ್ ಆದರು, 1964ರಲ್ಲಿ ನ್ಯೂಜಿಲೆಂಡಿನಲ್ಲಿ ಮತ್ತೆ ಗೆದ್ದರು. ಯಾವ ಆಟದಲ್ಲೇ ಆಗಲಿ, ಒಬ್ಬಂಟಿಯಾಗಿ ವಿಶ್ವ ಚಾಂಪಿಯನ್ ಆದ ಮೊದಲ ಭಾರತೀಯ ಅವರು. ಆ ಹೆಸರು ಹೇಳುವಾಗ ತಾತ ಕೂತಿದ್ದರೆ ಎದ್ದು ನಿಲ್ಲುತ್ತಿದ್ದರು.

ನಾನು ಮೊದಲ ಸಲ ನೂರು ದಾಟಿದ ವರ್ಷವೇ ಮೈಕೆಲ್ ಫೆರೇರಾ ಸಾವಿರ ದಾಟಿದರು. 1978ರ ರಾಷ್ಟ್ರೀಯ ಪಂದ್ಯದಲ್ಲಿ 1,149. ಅಮೆಚೂರ್ (ವೃತ್ತಿಪರರಲ್ಲದ) ಆಟಗಾರರೊಬ್ಬರು ಸಾವಿರದ ಗಡಿ ದಾಟಿದ್ದು ಅದೇ ಮೊದಲು. ನನ್ನ ನೂರಕ್ಕೆ ಎರಡು ಕ್ಯಾನನ್ ಬಿಟ್ಟರೆ ಬೇರೆಲ್ಲ ಇನ್-ಆಫ್. ಬೆಳಗಿನ ಜಾವ, ಕೂಗೋಕೆ ಯಾರೂ ಇರಲಿಲ್ಲ. ನಾನೇ ಹೋಗಿ ಬೋರ್ಡಿನ ಮುಳ್ಳು ಸರಿಸಿ ಬಂದೆ.

1985 ನನಗೆ ಮರೆಯೋಕೆ ಆಗದ ವರ್ಷ. ದೆಹಲಿಯಲ್ಲಿ ವಿಶ್ವ ಬಿಲಿಯರ್ಡ್ಸ್. ಫೈನಲ್‌ನಲ್ಲಿ ಒಂದು ಕಡೆ ಅಹಮದಾಬಾದಿನ ಗೀತ್ ಸೇಠಿ, ಇಪ್ಪತ್ನಾಲ್ಕರ ಹುಡುಗ. ಇನ್ನೊಂದು ಕಡೆ ಆಸ್ಟ್ರೇಲಿಯಾದ ಬಾಬ್ ಮಾರ್ಷಲ್, ಎಪ್ಪತ್ತೈದರ ಹಿರಿಯರು. ಮಾರ್ಷಲ್ ಮೊದಲ ಸಲ ವಿಶ್ವ ಪ್ರಶಸ್ತಿ ಗೆದ್ದದ್ದು 1936ರಲ್ಲಿ! ಅಷ್ಟು ವರ್ಷ ಕಳೆದ ಮೇಲೆ ವಾಪಸ್ ಬಂದು ಫೈನಲ್ ತನಕ ಆಡಿದ್ದರು. ಗೆದ್ದದ್ದು ಸೇಠಿ.

ಪೇಪರಿನಲ್ಲಿ ಆ ಸುದ್ದಿ ಬಂದ ಸಂಜೆ ವಕೀಲರು ಬಂದರು. ಕೈ ನಡುಗುತ್ತೆ ಅಂತ ಅವರು ಆಡೋದು ಬಿಟ್ಟು ಎರಡು ವರ್ಷ ಆಗಿತ್ತು. “ಲೋ, ನನ್ನ ಕ್ಯೂ ಇದೆಯೇನೋ?” ಅಂದರು. ತೆಗೆದು ನೋಡಿದರೆ ಕ್ಯೂ ತುದಿಯ ಚರ್ಮದ ಟಿಪ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. “ಇದರಲ್ಲಿ ಬೇಡಿ ಸಾರ್, ನಾಳೆ ಬನ್ನಿ” ಅಂದೆ.

ಆ ರಾತ್ರಿ ಅವರ ಟಿಪ್ ನಾನೇ ಬದಲಾಯಿಸಿದೆ. ಬ್ಲೇಡಿನಿಂದ ಹಳೇ ಚರ್ಮ ಕೆತ್ತಿ ತೆಗೆದೆ. ಅಂಟಿನ ಚೂರೂ ಉಳಿಯದ ಹಾಗೆ ತುದಿಯನ್ನು ಚಪ್ಪಟೆಯಾಗಿ ಉಜ್ಜಿದೆ. ಅಂಟು ತೆಳ್ಳಗೆ ಸವರಿ ಹೊಸ ಟಿಪ್ ಕೂರಿಸಿ, ಕ್ಯೂ ತಲೆಕೆಳಗಾಗಿ ಮೂಲೆಯಲ್ಲಿ ನಿಲ್ಲಿಸಿದೆ. ಅದರ ತೂಕವೇ ಟಿಪ್ಪನ್ನು ಒತ್ತಿ ಹಿಡಿಯುತ್ತೆ. ಬೆಳಿಗ್ಗೆ ಹೊರಚಾಚಿದ ಅಂಚನ್ನು ಉಪ್ಪುಕಾಗದದಲ್ಲಿ ತಿದ್ದಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಅಂಚಿಗೆ ಸವರಿ, ಹಳೇ ಬೆಲ್ಟಿನ ತುಂಡಿನಿಂದ ಹೊಳಪು ಬರುವ ತನಕ ತಿಕ್ಕಿದೆ. ಹೀಗೆ ಮಾಡಿದರೆ ಅಂಚು ಗಟ್ಟಿಯಾಗಿ ಟಿಪ್ ಅರಳಲ್ಲ. ನೆತ್ತಿಯನ್ನು ಮಾತ್ರ ಸ್ವಲ್ಪ ಗುಂಡಗೆ, ಚಾಕ್ ಹಿಡಿಯುವಷ್ಟು ಒರಟಾಗಿ ಬಿಟ್ಟೆ.

ಮರುದಿನ ವಕೀಲರು ಬಗ್ಗಿ ನಿಂತಾಗ ಬಲಗೈ ನಡುಗುತ್ತಲೇ ಇತ್ತು. ಕ್ಯೂ ಹಿಂದಕ್ಕೆ ಎಳೆದರು. ಆ ಒಂದು ಕ್ಷಣ ನಿಂತರಲ್ಲ, ಆಗ ನಡುಕವೂ ನಿಂತಿತು. ಬಿಳಿ ಒಳಗೆ ಹೋಯಿತು. ಕೆಂಪು ಮೇಲೆ ಹೋಗಿ ಬಂದು ನಿಂತಿತು. ಒಂಬತ್ತು ಇನ್-ಆಫ್ ಆಯಿತು, ಇಪ್ಪತ್ತೇಳು. ಹತ್ತನೆಯದಕ್ಕೆ ಬಗ್ಗಿದವರು ಎದ್ದು, ಕ್ಯೂ ನನ್ನ ಕೈಗೆ ಕೊಟ್ಟು, “ಮುಂದೆ ನೀನು ಹೊಡಿ, ನಾನು ಎಣಿಸ್ತೀನಿ” ಅಂದರು. ಮೆಂಬರ್ ಟೈಮಿನಲ್ಲಿ ಮಾರ್ಕರ್ ಕ್ಯೂ ಹಿಡಿಯುವಂತಿರಲಿಲ್ಲ. ತಾತನ ಮುಖ ನೋಡಿದೆ. ಅವರು ಕಿಟಕಿ ಕಡೆ ತಿರುಗಿಕೊಂಡರು. ನಾನು ಹೊಡೆದೆ. ಮೂವತ್ತು, ಮೂವತ್ಮೂರು ಅಂತ ವಕೀಲರು ಕೂಗುತ್ತಾ ಹೋದರು, ಕೋರ್ಟಿನಲ್ಲಿ ವಾದ ಮಾಡುವ ಗಂಟಲಿನಲ್ಲಿ. ಐವತ್ನಾಲ್ಕಕ್ಕೆ ನನ್ನ ಜೋರು ತಪ್ಪಿತು. ಕೆಂಪು ಬಾಲ್ಕ್ ದಾಟಿ ಹೋಯಿತು. ಆ ಕ್ಯೂ ಅವರು ವಾಪಸ್ ತೆಗೆದುಕೊಳ್ಳಲಿಲ್ಲ.

ಆಮೇಲಿನದು ನಿಮಗೆಲ್ಲ ಗೊತ್ತಿರೋದೇ. ಸೇಠಿ 1992ರಲ್ಲಿ 1,276ರ ಬ್ರೇಕ್ ಹೊಡೆದರು. ನಮ್ಮ ಬೆಂಗಳೂರಿನಲ್ಲಿ ಅರವಿಂದ್ ಸವೂರ್ ಅವರ ಕೈಯಲ್ಲಿ ಪಂಕಜ್ ಅಡ್ವಾಣಿ ಬೆಳೆದರು. 2008ರಲ್ಲಿ ಬೆಂಗಳೂರಿನಲ್ಲೇ ವಿಶ್ವ ಬಿಲಿಯರ್ಡ್ಸ್ ನಡೆದಾಗ ಅಡ್ವಾಣಿ ಪಾಯಿಂಟ್ಸ್ (ಇಂತಿಷ್ಟು ಪಾಯಿಂಟ್ ತನಕ ಆಡೋದು), ಟೈಮ್ (ಇಂತಿಷ್ಟು ಹೊತ್ತು ಆಡೋದು) ಎರಡೂ ಪ್ರಶಸ್ತಿ ಗೆದ್ದರು. ನಾನು ಹೋಗಿ ಕೂತು ನೋಡಿದೆ. ಕೈಬೆರಳು ತಾನಾಗಿಯೇ ತೊಡೆ ಮೇಲೆ ಎಣಿಸುತ್ತಿತ್ತು.

ಕೆಲಸದಿಂದ ನಿವೃತ್ತಿ ಆದ ಮೇಲೆ ಈಗ ವಾರಕ್ಕೆ ಮೂರು ದಿನ ಹುಡುಗರಿಗೆ ಹೇಳಿಕೊಡುತ್ತೇನೆ. ಹೆಚ್ಚಿನವರು ಪೂಲ್ ಪಾರ್ಲರಿನಿಂದ ಬಂದವರು. ಒಬ್ಬ ಇದ್ದಾನೆ, ಪೂಲ್ ಹಳಬರ ಬಗ್ಗೆ ಅವನಿಗೆ ಎಲ್ಲ ಬಾಯಿಪಾಠ. 1954ರಲ್ಲಿ ಅಮೆರಿಕದ ಓಹಾಯೋದಲ್ಲಿ ವಿಲ್ಲಿ ಮೊಸ್ಕೋನಿ ಒಂದೂ ತಪ್ಪದೆ 526 ಚೆಂಡು ಹಾಕಿದ್ದನ್ನು ನನಗೆ ಹೇಳಿದ್ದು ಅವನೇ. “ತಾತ, ಅವರೂ ಚೆಂಡನ್ನು ಜಾಸ್ತಿ ಓಡಿಸ್ತಾ ಇರಲಿಲ್ಲವಂತೆ” ಅಂದ. ಚಿಕ್ಕಮಗಳೂರಿನ ತೋಟದವರು ನೆನಪಾದರು. ಹೌದು, ಈಗ ನನ್ನನ್ನೂ ತಾತ ಅಂತಾರೆ.

ಅವನಿಗೂ ನಾಲ್ಕು ತಿಂಗಳು ಒಂದೇ ಚೆಂಡು ಕೊಟ್ಟೆ. ಬೇಜಾರು ಮಾಡಿಕೊಳ್ಳಲಿಲ್ಲ. ಹೋದ ವಾರದಿಂದ ಹಾಫ್ ಬಾಲ್ ಶುರು ಮಾಡಿದ್ದೇವೆ, ವಕೀಲರ ಕ್ಯೂನಲ್ಲೇ. ಗುರಿ ಚೆನ್ನಾಗಿದೆ, ಜೋರು ಇನ್ನೂ ಜಾಸ್ತಿ. ನಿನ್ನೆ ಕ್ಯೂ ಹಿಂದಕ್ಕೆ ಎಳೆದವನು ಮೊದಲ ಸಲ ಒಂದು ಕ್ಷಣ ನಿಂತ. ಬಿಳಿ ಮಧ್ಯದ ಪಾಕೆಟ್ಟಿಗೆ ಬಿತ್ತು. ಕೆಂಪು ಮೇಲಿನ ಕುಶನ್ ಮುಟ್ಟಿ ಇಳಿದು ಬಂದು, ಬಾಲ್ಕ್ ಗೆರೆಗೆ ಒಂದು ಗೇಣು ಇರುವಾಗ ನಿಂತಿತು. ನಾನು ಚೆಂಡು ಎತ್ತಿ ಅವನ ಕೈಗೆ ಕೊಟ್ಟು “ಮೂರು” ಅಂತ ಕೂಗಿದೆ.